ಬಿಚ್ಚಬಾರದ ಪೆಟ್ಟಿಗೆ

ಗಾಜಿನ ಕಪಾಟಿನ ಬಾಗಿಲು ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ಕೆಳಗೆ ದಪ್ಪ ಪ್ಲಾಸ್ಟಿಕ್ಕಿನ ಚೂರುಗಳು. ಚೂರುಗಳ ನಡುವೆ ಒಂದು ಮೂಲೆಯಿಲ್ಲದ ಚೀಟಿ. ಪಕ್ಕದಲ್ಲಿ ನೆಲ ಒರೆಸುವ ಕೋಲು.

ಹರಾಜಿನ ದಿನ ಬೆಳಿಗ್ಗೆ ಇದನ್ನು ಮೊದಲು ಕಂಡವಳು ಕಸ ಗುಡಿಸುವ ಹೆಂಗಸು. ಕೂಗಿ ಜನ ಸೇರಿಸಿದವಳೂ ಅವಳೇ. ಕಳ್ಳಿ ಅನ್ನಿಸಿಕೊಂಡವಳೂ ಅವಳೇ.

"ನಮ್ಮನ್ನ ಬಿಟ್ರೆ ಕಪಾಟಿನ ಬೀಗದ ಕೈ ಇವಳ ಹತ್ರ ಮಾತ್ರ ಇದೆ. ಕೋಲು ಇವಳದ್ದು. ಇನ್ನೇನು ಬೇಕು ಮೇಡಂ?" ಹರಾಜು ಮನೆಯ ಯಜಮಾನ ಗಿರಾಕಿಗಳೆಲ್ಲರ ಎದುರು ಬೆರಳು ತೋರಿಸಿದ. "ಕಳ್ಳಿ!"

ಇನ್ಸ್‌ಪೆಕ್ಟರ್ ಬಗ್ಗಿ ಚೂರುಗಳನ್ನು ನೋಡಿದಳು. "ಹೋಗಿದ್ದೇನು?"

"ವಿಡಿಯೋ ಗೇಮ್."

"ಮಕ್ಕಳು ಆಡೋದಾ?"

ಯಜಮಾನನ ಮುಖ ಹುಳ್ಳಗಾಯಿತು. "ಯಾರೂ ಆಡಿಲ್ಲ ಅಂತಲೇ ಅದಕ್ಕೆ ಬೆಲೆ ಮೇಡಂ. ಕಾರ್ಖಾನೆಯಿಂದ ಬಂದ ಮೇಲೆ ಸೀಲ್ ಬಿಚ್ಚಿಲ್ಲ. ನಮ್ಮ ತಜ್ಞರು ಹೊದಿಕೆ, ಅಂಚು, ಬಣ್ಣ ಎಲ್ಲ ನೋಡಿ ಅಂಕ ಕೊಡ್ತಾರೆ. ಗೇಮ್ ಜೊತೆ ಅಂಕದ ಚೀಟಿ ಇಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ ಅಂಟಿಸಿಬಿಡ್ತಾರೆ. ಡಬ್ಬಿ ಒಡೆದ್ರೆ ಅಂಕ ಹೋಯ್ತು, ಅಂಕ ಹೋದ್ರೆ ಅದು ಬರೀ ಹಳೇ ಆಟಿಕೆ. ಇವಳಿಗೇನು ಗೊತ್ತು ಅದರ ಬೆಲೆ? ಒಡೆದು ಹಾಕಿದ್ಲು."

"ಬೆಲೆ ಗೊತ್ತಿಲ್ಲದವಳು ಯಾಕೆ ಕದೀತಾಳೆ?"

ಯಜಮಾನ ಮತ್ತೆ ಕೋಲಿನ ಕಡೆಗೇ ಬೆರಳು ತೋರಿಸಿದ. ಅವನಿಗೆ ಕಾರಣದ ಅಗತ್ಯವೇ ಕಂಡಿರಲಿಲ್ಲ. ಪೊರಕೆ ಹಿಡಿದ ಕೈಯ ಮೇಲೆ ಅನುಮಾನ ಪಡಲು ಈ ಲೋಕದಲ್ಲಿ ಯಾವ ಸಾಕ್ಷಿ ಬೇಕು?

\* \* \*

ಅಷ್ಟರಲ್ಲಿ ಗುಡಿಸುವವಳನ್ನು ಸಾಮಾನಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಇನ್ಸ್‌ಪೆಕ್ಟರ್ ಚಿಲಕ ತೆಗೆಸಿದಳು.

"ಅಕ್ಕಾ, ಕೋಲು ಅಲ್ಲಿಗೆ ಹೇಗೆ ಬಂತು?"

"ನಿನ್ನೆ ಸಂಜೆ ಬಾಗಿಲ ಹಿಂದೆ ನಿಲ್ಲಿಸಿ ಹೋಗಿದ್ದೆ. ಕದ್ದವಳು ತನ್ನ ಕೋಲನ್ನ ಗುರುತಿಗೆ ಅಂತ ಬಿಟ್ಟು ಹೋಗ್ತಾಳಾ? ಅಷ್ಟು ದಡ್ಡಿ ನಾನಾ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅತ್ತೆ ಹಾಸಿಗೆ ಹಿಡಿದಿದ್ದಾರಮ್ಮ. ಎತ್ತಿ ಕೂರಿಸಿದ್ರೆ ಮಾತ್ರ ನೀರು ಗಂಟಲಿಗಿಳಿಯೋದು. ನಾನು ಜೈಲಿಗೆ ಹೋದ್ರೆ ಅವರನ್ನ ಎತ್ತೋರು ಯಾರು?"

"ನಿನ್ನೆ ನೀನು ಹೊರಟಾಗ ಒಳಗೆ ಯಾರಿದ್ರು?"

"ಯಜಮಾನ್ರು. ಮೇಲಿನ ಕೋಣೆಯಲ್ಲಿ ಭೂತಗನ್ನಡಿ."

ತಜ್ಞನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡೇ ಹುಟ್ಟಿದವನಂತೆ ಇರುತ್ತಿದ್ದ.

\* \* \*

ಆ ಗೇಮ್ ಕೊಳ್ಳಲು ಬಂದಿದ್ದ ಹಲ್ಲಿನ ಡಾಕ್ಟರೊಬ್ಬ ಗಿರಾಕಿಗಳ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಂಥದ್ದೇ ಇನ್ನೊಂದು ಗೇಮ್ ಇರುವುದು ಅವನ ಬಳಿ ಮಾತ್ರ.

"ಇದು ಕಾಣೆಯಾದ್ರೆ ನಿಮ್ಮದಕ್ಕೆ ಬೆಲೆ ಏರುತ್ತೆ ಅಲ್ವಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಏರುತ್ತೆ. ಹಾಗಂತ ನನ್ನ ಮೇಲೆ ಕಣ್ಣು ಹಾಕಬೇಡಿ. ಇವತ್ತು ಬೆಳಿಗ್ಗೆ ಅದು ನನ್ನ ಕ್ಲಿನಿಕ್ಕಿಗೆ ಬರಬೇಕಿತ್ತು."

"ಯಾಕೆ?"

"ಎಕ್ಸ್-ರೇ ತೆಗೆಯೋಕೆ. ಬಿಚ್ಚೋ ಹಾಗಿಲ್ಲ, ಒಳಗೇನಿದೆ ಅಂತ ನೋಡದೇ ಹರಾಜು ಕೂಗೋ ಧೈರ್ಯ ನನಗಿಲ್ಲ. ಹಲ್ಲನ್ನೇ ಹೊರಗಿಂದ ನೋಡಿ ನಂಬೋನಲ್ಲ ನಾನು."

"ಇದು ಯಾರಿಗೆ ಗೊತ್ತಿತ್ತು?"

"ನಿನ್ನೆ ಮಧ್ಯಾಹ್ನ ಯಜಮಾನ್ರಿಗೆ ಹೇಳ್ದೆ. ಭೂತಗನ್ನಡಿನೂ ಅಲ್ಲೇ ಇದ್ದ. ಇಬ್ರೂ ಹೂಂ ಅಂದ್ರು."

ಇನ್ಸ್‌ಪೆಕ್ಟರ್ ಯಜಮಾನನ ಕಡೆ ನೋಡಿದಳು. ಯಜಮಾನ ಮೇಲಿನ ಕೋಣೆಯ ಕಡೆ ನೋಡಿದ. ಮೊದಲ ಸಲ ಅವನ ಅನುಮಾನ ಮೆಟ್ಟಿಲು ಹತ್ತಿತು.

\* \* \*

ಮೇಲಿನ ಕೋಣೆಯಲ್ಲಿ ಉದ್ದನೆಯ ಮೇಜು, ಪ್ರಖರ ದೀಪ, ಸಾಲಾಗಿ ಜೋಡಿಸಿದ ಡಬ್ಬಿಗಳು. ಯಜಮಾನ, ಡಾಕ್ಟರ್ ಇಬ್ಬರೂ ಇನ್ಸ್‌ಪೆಕ್ಟರ್ ಹಿಂದೆಯೇ ಬಂದರು.

"ಈ ಡಬ್ಬಿ ಬಿಚ್ಚೋದು ಹೇಗೆ ಅಂತ ತೋರಿಸ್ತೀರಾ ಸಾರ್? ಯಾವುದಾದರೂ ಅಗ್ಗದ್ದು."

ಭೂತಗನ್ನಡಿ ಖುಷಿಯಾದ. ಕಲಿಸುವುದೆಂದರೆ ಅವನಿಗೆ ಪ್ರೀತಿ. ಅಂಚಿಗೆ ಸಣ್ಣ ಗರಗಸ ಇಟ್ಟ. ಡಬ್ಬಿ ಎರಡು ಹೋಳಾಯಿತು. ಗೇಮನ್ನು ಬಟ್ಟೆಯ ಮೇಲಿಟ್ಟ. ಚೀಟಿ ಕೈಗೆತ್ತಿಕೊಂಡ. ಕತ್ತರಿ ತಾನಾಗಿ ಬೆರಳಿಗೆ ಬಂತು. ಕಚಕ್. ಚೀಟಿಯ ಮೇಲಿನ ಎಡಮೂಲೆ ಉದುರಿತು.

"ಮೂಲೆ ಯಾಕೆ ಕತ್ತರಿಸಿದ್ರಿ?"

"ಡಬ್ಬಿ ಬಿಚ್ಚಿದ ಮೇಲೆ ಅಂಕ ಸತ್ತ ಹಾಗೆ. ಆ ಚೀಟೀನ ಇನ್ನೊಂದಕ್ಕೆ ಹಾಕಿ ಯಾರೂ ಮೋಸ ಮಾಡಬಾರದಲ್ಲ. ನಾನೇ ಮಾಡಿಕೊಂಡ ಪದ್ಧತಿ."

"ಬೇರೆ ಯಾರು ಹೀಗೆ ಮಾಡ್ತಾರೆ?"

"ಯಾರಿದ್ದಾರೆ? ಈ ಮೇಜಿಗೆ ನಾನೊಬ್ಬನೇ."

ಇನ್ಸ್‌ಪೆಕ್ಟರ್ ಜೇಬಿನಿಂದ ನೆಲದ ಮೇಲೆ ಸಿಕ್ಕ ಚೀಟಿ ತೆಗೆದು ಪಕ್ಕದಲ್ಲಿಟ್ಟಳು. ಅದರಲ್ಲೂ ಕತ್ತರಿಸಿದ್ದು ಅದೇ ಎಡಮೂಲೆ. ಅದೇ ಓರೆ.

ಭೂತಗನ್ನಡಿಯ ಕಣ್ಣಿನ ಗಾಜು ಮೇಜಿನ ಮೇಲೆ ಬಿತ್ತು.

"ಮಾರೋ ಆಸೆ ಇರೋ ಕಳ್ಳ ಡಬ್ಬಿ ಸಮೇತ ಒಯ್ಯುತ್ತಾನೆ," ಎಂದಳು ಅವಳು. "ಗುಟ್ಟಾಗಿ ಇಟ್ಟುಕೊಳ್ಳೋ ಹುಚ್ಚಿನವನೂ ಹಾಗೇ ಒಯ್ಯುತ್ತಾನೆ. ಅಂಕವನ್ನ ನೆಲಕ್ಕೆ ಬಿಸಾಕಿ ಹೋದವನಿಗೆ ಆ ಗೇಮ್ ಬೇಕಿರಲಿಲ್ಲ. ಅದನ್ನ ಯಾರೂ ನೋಡದಿದ್ರೆ ಸಾಕಿತ್ತು. ಎಕ್ಸ್-ರೇಗೆ ಹೆದರಿದ್ದು ಯಾರು? ಅಂಕ ಕೊಟ್ಟವನು. ಡಬ್ಬಿ ಬಿಚ್ಚಿದ್ರಿ, ಪದ್ಧತಿ ಪ್ರಕಾರ ಮೂಲೆ ಕತ್ತರಿಸಿದ್ರಿ. ಆಮೇಲೆ ಡಬ್ಬಿ ಪುಡಿ ಮಾಡಿ, ಕೋಲು ತಂದಿಟ್ರಿ. ಒಡೆಯೋದು ಅಂದ್ರೆ ಗುಡಿಸೋಳ ಕೆಲಸವೇ ಇರಬೇಕು ಅಂತ ಎಲ್ರೂ ನಂಬ್ತಾರೆ, ಆ ಧೈರ್ಯ ನಿಮಗೆ. ನಂಬಿದ್ರು ಕೂಡ."

ಅವನು ಮೇಜಿನ ಕೆಳಗಿನ ಖಾನೆಯಿಂದ ಗೇಮಿನ ಪೆಟ್ಟಿಗೆ ತೆಗೆದುಕೊಟ್ಟ. ಇನ್ಸ್‌ಪೆಕ್ಟರ್ ಕತ್ತರಿ ಎತ್ತಿಕೊಂಡಳು.

"ಅಯ್ಯೋ, ಬಿಚ್ಚಬೇಡಿ!" ಯಜಮಾನ, ಡಾಕ್ಟರ್ ಒಟ್ಟಿಗೇ ಚೀರಿದರು.

ಹೊದಿಕೆ ಹರಿಯಿತು. ಒಳಗಿದ್ದದ್ದು ಬಚ್ಚಲಿನ ಟೈಲ್ಸಿನ ಒಂದು ತುಂಡು.

"ಖಾಲಿ ಪೆಟ್ಟಿಗೆ ಸಿಕ್ಕಿತ್ತು," ಭೂತಗನ್ನಡಿ ಗೊಣಗಿದ. "ತೂಕಕ್ಕೆ ಇದನ್ನಿಟ್ಟು ಹೊದಿಕೆ ನಾನೇ ಹಾಕ್ದೆ. ಬೇರೆಯವರ ಹೆಸರಲ್ಲಿ ಹರಾಜಿಗೆ ಬಿಟ್ಟೆ. ಯಾರೂ ಯಾವತ್ತೂ ಬಿಚ್ಚಲ್ಲ ಅಂದ್ಕೊಂಡಿದ್ದೆ."

\* \* \*

ಅವನನ್ನು ಜೀಪು ಹತ್ತಿಸಿದ ಮೇಲೆ ಸಾಮಾನಿನ ಕೋಣೆಯಿಂದ ಗುಡಿಸುವವಳು ಹೊರಬಂದಳು. ಯಜಮಾನ ಅವಳ ಮುಖ ನೋಡಲಿಲ್ಲ.

"ಆಯ್ತಲ್ಲ, ಹೋಗು. ಆ ಚೂರೆಲ್ಲ ಗುಡಿಸು."

ಅವಳು ಕದಲಲಿಲ್ಲ. "ಎಲ್ರ ಎದುರು ಕಳ್ಳಿ ಅಂದ್ರಿ. ಎಲ್ರ ಎದುರು ಅಲ್ಲ ಅನ್ನಿ."

ಗಿರಾಕಿಗಳು ತಿರುಗಿ ನೋಡಿದರು. ಯಜಮಾನ ಗಂಟಲೊಳಗೇ ಏನೋ ಅಂದ.

"ಕೇಳಿಸಲಿಲ್ಲ."

ಇನ್ಸ್‌ಪೆಕ್ಟರ್ ಹೊರಟವಳು ಬಾಗಿಲಲ್ಲೇ ನಿಂತಳು.

"ಇವಳು... ಇವರು ಕದ್ದಿಲ್ಲ," ಅಂದ ಯಜಮಾನ, ಈ ಸಲ ಹಿಂದಿನ ಸಾಲಿಗೂ ಮುಟ್ಟುವಂತೆ. "ತಪ್ಪು ನಂದು."

ಅವಳು ಸೆರಗು ಸರಿಮಾಡಿಕೊಂಡು ಹೊರಬಾಗಿಲ ಕಡೆ ನಡೆದಳು.

"ಅರೆ, ಗುಡಿಸೋದು?"

"ಅತ್ತೆಗೆ ಇನ್ನೂ ನೀರು ಕುಡಿಸಿಲ್ಲ. ನೀವೇ ಗುಡಿಸಿ," ಎಂದಳು, ತಿರುಗದೆ.