ಶಾಮಲಮ್ಮನ ಮುಖ

“ಆ ಪಟ ಮುಟ್ಬೇಡ ನಾಯ್ನಾ. ಆ ಮುಖದ ಮೇಲಿನ ಮಸಿ ತೆಗೆದವರನ್ನ ಅವರ ಮನೆಯವರೇ ಮರ್ತುಬಿಡ್ತಾರೆ,” ಎಂದಳು ಅಕ್ಕಯಮ್ಮ.

ಕೋದಂಡರಾಮಪ್ಪ ನಕ್ಕುಬಿಟ್ಟ. ಬೆಂಗಳೂರಿನ ದಂಡು ಪ್ರದೇಶದ ಸ್ಟುಡಿಯೋದಲ್ಲಿ ಕೆಲಸ ಕಲಿತು, ೧೯೩೮ರಲ್ಲಿ ಮುಳಬಾಗಿಲಿಗೆ ಬಂದು ಸ್ವಂತ ಸ್ಟುಡಿಯೋ ತೆರೆದಿದ್ದವನು ಅವನು. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಮ್ಮಿಯಾಗುತ್ತದೆಂದು ಹೆದರುವವರನ್ನು ದಿನವೂ ನೋಡುತ್ತಿದ್ದ.

“ಅಜ್ಜಿ, ಇದು ಬರೀ ಕಾಗದ. ಮೇಲಿರೋದು ಸುಣ್ಣ, ಮಸಿ. ನೆನೆಸಿದ್ರೆ ಹೋಗುತ್ತೆ.”

ಪಟವನ್ನು ತಂದಿದ್ದವಳು ಅಕ್ಕಯಮ್ಮನ ತಂಗಿ ವೆಂಕಟರತ್ನಮ್ಮ. ಕೋಲಾರದಲ್ಲಿ ತೆಗೆಸಿದ ಮದುವೆಯ ಫೋಟೋ ಅದು. ಬಣ್ಣದ ಪರದೆಯ ಮುಂದೆ ಕುರ್ಚಿಯಲ್ಲಿ ಪೇಟ ಕಟ್ಟಿದ ಗಂಡು. ಪಕ್ಕದಲ್ಲಿ ಅವನ ಭುಜದ ಮೇಲೆ ಕೈಯಿಟ್ಟು ನಿಂತ ಹುಡುಗಿ. ಹುಡುಗಿಯ ಮುಖವಿದ್ದ ಕಡೆ ಸುಣ್ಣ, ಮಸಿ, ಇನ್ನೇನೋ ಕಂದು ಬಣ್ಣದ್ದು ಹೆಪ್ಪುಗಟ್ಟಿತ್ತು. ಕಣ್ಣುಗಳಿರಬೇಕಾದಲ್ಲಿ ಎರಡು ಜಾಲಿಮುಳ್ಳು ಚುಚ್ಚಿದ್ದರು.

“ನನ್ನ ಮಗಳು ಶಾಮಲ,” ಎಂದಳು ವೆಂಕಟರತ್ನಮ್ಮ. “ಶ್ರೀನಿವಾಸಪುರಕ್ಕೆ ಕೊಟ್ಟಿದ್ವಿ. ಅತ್ತೆಗೆ ಇವಳು ಬೇಡವಾದ್ಲು. ಯಾರನ್ನೋ ಕರೆಸಿ ಮಾಟ ಮಾಡಿಸಿ, ತನ್ನ ಕೈಯಿಂದಲೇ ಈ ಪಟದ ಮುಖ ಮುಚ್ಚಿದ್ಲು. ಅವತ್ತಿಂದ ಗಂಡನಿಗೆ ಇವಳ ಗುರುತೇ ಸಿಗ್ಲಿಲ್ಲ. ಅನ್ನ ಬಡಿಸೋಕೆ ಹೋದ್ರೆ, ‘ಯಾರಮ್ಮ ನೀನು’ ಅಂತಿದ್ನಂತೆ. ಹಂಗೇ ಬಾವಿಗೆ ಬಿದ್ದಳು.”

ಪಟವನ್ನು ಅವನ ಕಡೆಗೆ ಸರಿಸಿದಳು: “ಇರೋದು ಇದೊಂದೇ ಪಟ. ಒಂದ್ಸಲ ಅವಳ ಮುಖ ನೋಡ್ಬೇಕಪ್ಪ.”

ಅಕ್ಕಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ಕೋದಂಡರಾಮಪ್ಪ ಪಟ ತೆಗೆದುಕೊಂಡ.

ಮರುದಿನ ಊಟ ಮುಗಿಸಿ ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡ. ಸ್ಟುಡಿಯೋದ ಹಿಂದೆಯೇ ಮನೆ. ಗೋಡೆಯಾಚೆ ಹೆಂಡತಿ ಗಂಗರತ್ನಮ್ಮ ಪಾತ್ರೆ ತೊಳೆಯುತ್ತಾ ಹಾಡಿಕೊಳ್ಳುತ್ತಿದ್ದಳು. ಕೆಂಪು ಗಾಜಿನ ದೀಪದ ಬೆಳಕಿನಲ್ಲಿ ಅವನು ಮುಳ್ಳುಗಳನ್ನು ಕಿತ್ತ. ಕಿತ್ತ ಕೂಡಲೇ ವಾಸನೆ ಎದ್ದಿತು: ಸುಟ್ಟ ಅರಿಸಿನ, ಹಸಿ ರಕ್ತ, ಬಾವಿಯ ತಳದ ಕೆಸರು. ಫೋಟೋ ತೊಳೆಯುವ ಔಷಧಿಗಳ ವಾಸನೆಯಿರಬೇಕೆಂದುಕೊಂಡ. ತಟ್ಟೆಯ ನೀರಿಗೆ ಪಟವನ್ನು ಹಾಕಿ ಹತ್ತಿಯಿಂದ ಮೆಲ್ಲಗೆ ಉಜ್ಜಿದ. ಸುಣ್ಣ ಕರಗಿತು. ಮಸಿ ಹರಿಯಿತು.

ಅಡಿಯಲ್ಲಿ ಮುಖವಿರಲಿಲ್ಲ. ಬರೀ ಬಿಳಿಯ ಕಾಗದ.

ಅವನಿಗೆ ಬೇಸರವಾಯಿತು. ಆ ತಾಯಿಗೆ ಏನು ಹೇಳುವುದು? ಪಟ ಎತ್ತಲು ಕೈ ಚಾಚಿದ. ಆಗ ಬಿಳುಪಿನ ನಡುವೆ ಬೂದು ಗೆರೆಯೊಂದು ಮೂಡಿತು. ಹುಬ್ಬು. ಇನ್ನೊಂದು ಹುಬ್ಬು. ಮೂಗು. ರಾಸಾಯನಿಕದಲ್ಲಿ ಅದ್ದಿದ ಹೊಸ ಫೋಟೋ ಮೂಡುವ ಹಾಗೆಯೇ ಮೂಡುತ್ತಿತ್ತು. ಆದರೆ ತಟ್ಟೆಯಲ್ಲಿದ್ದುದು ಬರೀ ನೀರು.

ತುಟಿ ಮೂಡಿತು. ಕಣ್ಣು ಮೂಡಿತು. ಮುಚ್ಚಿದ ಕಣ್ಣು. ಗೋಡೆಯಾಚೆ ಹಾಡು ನಿಂತಿತು. ರೆಪ್ಪೆ ಅದುರಿತು. ತೆರೆಯಿತು. ಅವಳು ಅವನನ್ನೇ ನೋಡಿದಳು. ನೀರಿನಲ್ಲಿ ದೀಪ ಕಾಣುತ್ತಿತ್ತು. ಸೂರು ಕಾಣುತ್ತಿತ್ತು. ಬಗ್ಗಿ ನಿಂತಿದ್ದ ಅವನ ಮುಖ ಮಾತ್ರ ಕಾಣುತ್ತಿರಲಿಲ್ಲ.

ಬಾಗಿಲು ತಳ್ಳಿಕೊಂಡು ಹಿತ್ತಲಿಗೆ ಓಡಿದ. “ಗಂಗಾ!”

ಗಂಗರತ್ನಮ್ಮ ಬೆಚ್ಚಿ ಎದ್ದು ನಿಂತಳು. ಸೆರಗು ಸರಿಪಡಿಸಿಕೊಂಡಳು. “ಯಾರ್ರೀ ನೀವು? ನಮ್ಮೆಜಮಾನ್ರು ಒಳಗೆ ಕೆಲಸದಲ್ಲಿದ್ದಾರೆ. ಮುಂದ್ಗಡೆಯಿಂದ ಬನ್ನಿ.”

“ನಾನೇ ಕಣೇ!”

ಅವಳು ಕಿರುಚಿದಳು. ನೆರೆಯವರು ಓಡಿಬಂದರು. ಇವನೇ ನಿನ್ನ ಗಂಡನಲ್ಲವೇನಮ್ಮ ಎಂದು ಅವರು ಹೇಳಿದಷ್ಟೂ ಅವಳ ಹೆದರಿಕೆ ಹೆಚ್ಚಿತು. ಒಳಗೆ ಓಡಿ ಗೋಡೆಯ ಮೇಲಿದ್ದ ತಮ್ಮ ಮದುವೆಯ ಫೋಟೋ ತಂದು ತೋರಿಸಿದಳು. “ನೋಡಿ, ನಮ್ಮೆಜಮಾನ್ರು ಇವರು!” ಕೋದಂಡರಾಮಪ್ಪ ನೋಡಿದ. ಅವಳ ಪಕ್ಕದಲ್ಲಿ ಕುಳಿತವನ ಕುತ್ತಿಗೆಯ ಮೇಲೆ ಏನೂ ಇರಲಿಲ್ಲ. ಬಿಳಿಯ ಕಾಗದ.

ಅಂದು ಸಂಜೆ ವೆಂಕಟರತ್ನಮ್ಮ ಬಂದಳು. ಅವನು ಪಟ ಕೊಟ್ಟ. ಅವಳು ಅದನ್ನು ಎದೆಗವಚಿಕೊಂಡು ಬೀದಿಯುದ್ದಕ್ಕೂ ಅಳುತ್ತಾ ನಗುತ್ತಾ ಹೋದಳು.

ಆಮೇಲೆ ಅವನು ಸ್ಟುಡಿಯೋದಲ್ಲೇ ಮಲಗತೊಡಗಿದ. ಗಂಗರತ್ನಮ್ಮ ದಿನವೂ ಗಂಡನಿಗೆಂದು ಅಡಿಗೆ ಮಾಡುತ್ತಿದ್ದಳು. ಎಲೆ ಹಾಕಿ ಕಾಯುತ್ತಿದ್ದಳು. ಆರಿದ ಮುದ್ದೆ ಆರಿದಂತೆಯೇ ಇರುತ್ತಿತ್ತು. ಬಿಸಿಲೇರಿದ ಮೇಲೆ ಮೋಟಾರು ನಿಲ್ಲುವ ಕಡೆಗೆ ಹೋಗಿ, ಇಳಿದವರನ್ನೆಲ್ಲ ಕೇಳುತ್ತಿದ್ದಳು: “ನಮ್ಮೆಜಮಾನ್ರನ್ನ ಕಂಡ್ರಾ? ಫೋಟೋ ತೆಗೀತಾರೆ. ಎತ್ತರಕ್ಕಿದ್ದಾರೆ.” ಅವನು ದೂರದಲ್ಲಿ ಹಿಂಬಾಲಿಸುತ್ತಿದ್ದ. ಹತ್ತಿರ ಹೋದರೆ ನಡುಗುತ್ತಿದ್ದಳು. ಒಮ್ಮೆ ಬಿಸಿಲಿಗೆ ತಲೆಸುತ್ತಿ ಬಿದ್ದಾಗ ಓಡಿಹೋಗಿ ಹಿಡಿದುಕೊಂಡ. ಅವಳು ಕಣ್ಣುಬಿಟ್ಟು ಕೈಮುಗಿದಳು. “ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಬಿಟ್ಬಿಡಿ.”

ಅಂದೇ ಅವನು ಅಕ್ಕಯಮ್ಮನ ಬಳಿಗೆ ಹೋದ.

“ದಾರಿ ಇದೆ,” ಎಂದಳು ಆಕೆ, ಅವನ ಮುಖ ನೋಡದೆ. “ಮಸಿ ತೆಗಿ ಅಂತ ಪಟ ಕೊಟ್ಟ ಕೈಯೇ ಮತ್ತೆ ಮುಚ್ಬೇಕು. ಆದ್ರೆ ಮುಚ್ಚಿದವರ ಎದೆಯಿಂದ ಆ ಹುಡುಗಿ ಅಳಿಸಿಹೋಗ್ತಾಳೆ. ಆ ಅತ್ತೆಗೂ ಹಂಗೇ ಆಯ್ತು. ಸಾಯೋವಾಗ, ‘ಯಾವ ಸೊಸೆ?’ ಅಂದ್ಲು.”

ವೆಂಕಟರತ್ನಮ್ಮ ಅದೇ ಮನೆಯ ಒಳಕೋಣೆಯಲ್ಲಿದ್ದಳು. ಪಟಕ್ಕೆ ಕನಕಾಂಬರ ಮುಡಿಸಿ, ಎದುರಿಗೆ ಕುಳಿತು, ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಯಾರ ಮನೆ ಹಸು ಕರು ಹಾಕಿತು, ಯಾರಿಗೆ ಮದುವೆ ಗೊತ್ತಾಯಿತು. ಪಟದ ಹುಡುಗಿ ಕಣ್ಣರಳಿಸಿ ಕೇಳುತ್ತಿದ್ದಂತಿತ್ತು. ಕೋದಂಡರಾಮಪ್ಪ ಬಾಗಿಲಲ್ಲಿ ನಿಂತ. ತಿರುಗಿ ಹೊರಟ.

“ನಿಂತ್ಕೋ ನಾಯ್ನಾ,” ಎಂದಳು ವೆಂಕಟರತ್ನಮ್ಮ. “ಅಕ್ಕ ಹೇಳಿದ್ದು ಕೇಳಿಸ್ತು. ನಿನ್ನ ಹೆಂಡ್ತಿ ಬೀದೀಲಿ ಕೇಳ್ಕೊಂಡು ಓಡಾಡೋದು ನಾನೂ ನೋಡಿದೀನಿ.”

“ಬೇಡಮ್ಮ. ಹೆಂಗೆ ಕೇಳ್ಲಿ ನಾನು?”

“ನೀನು ಕೇಳ್ಬೇಡ. ನನ್ನ ಮಗಳೂ ಹಂಗೇ ಗಂಡನ ಮುಂದೆ ನಿಂತಿದ್ಲು. ಯಾರೂ ಅವಳಿಗೆ ಆಗ್ಲಿಲ್ಲ.”

ಎಲೆಯಡಿಕೆಯ ಸುಣ್ಣದ ಡಬ್ಬಿ ತೆಗೆದಳು. ದೀಪದ ಮಸಿ ಬೆರೆಸಿದಳು. ಪಟವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಹುಬ್ಬು ಸವರಿದಳು. ಗಲ್ಲ ಸವರಿದಳು. ಆಮೇಲೆ ಬಗ್ಗಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗಿನ ಮಾತನ್ನೇ ತೆಲುಗಿನಲ್ಲಿ ಹೇಳಿದಳು: “ಪೋಯಿರಾ ತಲ್ಲೀ.” ಹೋಗಿ ಬಾ ತಾಯಿ.

ಬೆರಳು ಅದ್ದಿದಳು. ಹಣೆಗೆ ಬಳಿದಳು. ಕೆನ್ನೆಗೆ. ತುಟಿಗೆ. ಕಣ್ಣುಗಳ ಹತ್ತಿರ ಬಂದಾಗ ಬೆರಳು ನಿಂತಿತು. ಕೋಣೆಯಲ್ಲಿ ಬಾವಿಯ ಕೆಸರು ನಾರಿತು. ಯಾರೋ ಬಿಕ್ಕಿದರು. ವೆಂಕಟರತ್ನಮ್ಮನಲ್ಲ. ಅವಳು ಕಣ್ಣು ಮುಚ್ಚಿಕೊಂಡು ಬಳಿದುಬಿಟ್ಟಳು.

ಕೋದಂಡರಾಮಪ್ಪ ಓಡಿದ. ಗಂಗರತ್ನಮ್ಮ ಹೊಸಿಲ ಮೇಲೆ ಕುಳಿತಿದ್ದಳು. ಅವನನ್ನು ಕಂಡು ಎದ್ದಳು. “ಎಲ್ಲಿಗೆ ಹೋಗಿದ್ರಿ? ಎಷ್ಟು ಹುಡುಕ್ದೆ ನಿಮ್ಮನ್ನ!” ಎಂದು ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು.

ಅವಳು ಚೇತರಿಸಿಕೊಂಡ ಮೇಲೆ, ಇಬ್ಬರೂ ಹೂವು ಹಣ್ಣು ತೆಗೆದುಕೊಂಡು ವೆಂಕಟರತ್ನಮ್ಮನ ಮನೆಗೆ ಹೋದರು. ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದವಳು ನಗುನಗುತ್ತಾ ಚಾಪೆ ಹಾಕಿದಳು. ಗಂಗರತ್ನಮ್ಮನ ಗಲ್ಲ ಹಿಡಿದು, “ನಂಗೆ ಮಕ್ಕಳಿಲ್ಲ ಕಣಮ್ಮ. ನೀನು ಆಗಾಗ ಬರ್ತಾ ಇರು,” ಎಂದಳು.

ಒಳಬಾಗಿಲಲ್ಲಿ ಅಕ್ಕಯಮ್ಮ ಸೆರಗು ಕಚ್ಚಿಕೊಂಡು ನಿಂತಿದ್ದಳು.

ಹೊರಡುವಾಗ ವೆಂಕಟರತ್ನಮ್ಮ ಏನೋ ನೆನಪಾದವಳಂತೆ ಒಳಗೆ ಹೋಗಿ ಪಟವನ್ನು ತಂದು ಕೋದಂಡರಾಮಪ್ಪನ ಕೈಗೆ ಕೊಟ್ಟಳು.

“ಇದು ನಮ್ಮನೇಲಿತ್ತು. ಯಾರದೋ ಏನೋ. ಪಾಪ, ಯಾರೋ ಮುಖಾನೇ ಅಳಿಸಿಬಿಟ್ಟಿದ್ದಾರೆ. ನೀನು ಫೋಟೋದವನಲ್ವಾ, ವಿಚಾರಿಸಿ ತಲುಪಿಸಿಬಿಡಪ್ಪ. ಹೆತ್ತವಳು ಎಲ್ಲಿ ಹುಡುಕ್ತಾ ಇದ್ದಾಳೋ.”