ಬಹುವಚನ ಮುಂದುವರಿಯಬೇಕು

"ಬಾ, ಇಲ್ಲಿ ಕೂತ್ಕೋ."

ಇಷ್ಟೇ ಅಂದದ್ದು. ಅಂದವರು ನಮ್ಮ ಸೀರಿಯಲ್‌ನ ಡೈಲಾಗ್ ರೈಟರ್. ಅನ್ನಿಸಿಕೊಂಡವಳು ಹೊಸ ನಾಯಕಿ, ಸೆಟ್ಟಿಗೆ ಕಾಲಿಟ್ಟು ನಾಲ್ಕು ದಿನ ಆಗಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡವಳು ನಾನು. ಕೈಯಲ್ಲಿದ್ದ ಕೆಂಪು ಪೆನ್ಸಿಲ್ಲಿನ ಮೊನೆ ಪಟ್ ಅಂತ ಮುರಿಯಿತು.

ಎಂಟು ತಿಂಗಳಿಂದ ಅವರು ನನ್ನ ಪಕ್ಕ ಕೂರುತ್ತಾರೆ. ಎಂಟು ತಿಂಗಳಲ್ಲಿ ನನಗೆ ಒಂದೇ ಒಂದು 'ಬಾ' ಬಂದಿಲ್ಲ. ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ, ಕಾಫಿ ಆರಿಹೋಗುತ್ತೆ ತಗೊಳ್ಳಿ ಮೇಡಂ. ಬ್ಯಾಂಕಿನ ಕೌಂಟರ್‌ನಲ್ಲಿ ಮಾತಾಡಿಸಿದ ಹಾಗೆ. ಇವಳಿಗೆ ಮಾತ್ರ ನಾಲ್ಕೇ ದಿನಕ್ಕೆ 'ಬಾ'.

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮುಚ್ಚಿಟ್ಟು ಪ್ರಯೋಜನವಿಲ್ಲ, ಮುಖ ನೋಡಿದರೇ ಗೊತ್ತಾಗುತ್ತದೆ ಅಂತ ನಮ್ಮಮ್ಮ ಹೇಳುತ್ತಾಳೆ.

ನನ್ನ ಕೆಲಸ ಕಂಟಿನ್ಯೂಟಿ. ಒಂದು ಶಾಟ್‌ನಲ್ಲಿ ಬಾಗಿಲು ಅರ್ಧ ತೆರೆದಿದ್ದರೆ ಮುಂದಿನ ಶಾಟ್‌ನಲ್ಲೂ ಅರ್ಧವೇ ತೆರೆದಿರಬೇಕು. ಲೋಟದಲ್ಲಿ ನೀರು ಎಷ್ಟಿತ್ತು, ಕೂದಲು ಯಾವ ಕಡೆ ಬಿದ್ದಿತ್ತು, ಎಲ್ಲ ನನ್ನ ಪುಸ್ತಕದಲ್ಲಿರುತ್ತದೆ. ಯಾರು ಯಾರನ್ನು 'ನೀನು' ಅನ್ನುತ್ತಾರೆ, ಯಾರು 'ನೀವು' ಅನ್ನುತ್ತಾರೆ ಅನ್ನುವುದೂ. ನಿನ್ನೆ ಮಾವನಿಗೆ ಬಹುವಚನ ಕೊಟ್ಟವಳು ಇವತ್ತು ಏಕವಚನಕ್ಕೆ ಇಳಿದರೆ ನೋಡುವವರು ಸುಮ್ಮನೆ ಬಿಡುತ್ತಾರಾ?

ಸೀರಿಯಲ್ಲು ಒಂದು ದಪ್ಪ ಕಾದಂಬರಿಯಿಂದ ಬಂದದ್ದು. ಒಂದು ಹಳ್ಳಿ, ಒಂದು ಮನೆ, ಎರಡು ತಲೆಮಾರು. ನಮ್ಮ ಹಳ್ಳಿ ಅಂದರೆ ಹಳೇ ಗೋಡೌನಿನ ಹಿಂದಿನ ಅಂಗಳ. ಆರು ಮನೆ, ಆರಕ್ಕೂ ಮುಂಭಾಗ ಮಾತ್ರ. ಬಾಗಿಲು ತೆಗೆದು ಒಳಗೆ ಹೋದರೆ ಜನರೇಟರ್ ಸಿಗುತ್ತದೆ. ಬಾವಿ ಮೂರಡಿ ಆಳ, ಅದರೊಳಗೆ ಲೈಟಿನವರು ವೈರು ಸುತ್ತಿಡುತ್ತಾರೆ. ಕಾದಂಬರಿಯ ಎರಡನೇ ಭಾಗದಲ್ಲಿ ಆ ಮನೆಗೆ ಸೊಸೆ ಬರುತ್ತಾಳೆ. ಆ ಪಾತ್ರಕ್ಕೆ ಬಂದವಳೇ ಈ ಹುಡುಗಿ. ಬಂದ ದಿನದಿಂದ ಎಲ್ಲರ ಬಾಯಲ್ಲೂ ಅವಳು 'ಸೊಸೆ'.

ಡೈಲಾಗ್ ರೈಟರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಪಾಠ ಹೇಳಿದವರಲ್ಲ. ಯಾರಾದರೂ ಒಂದು ಅಕ್ಷರ ನುಂಗಿದರೂ ದೂರದಿಂದಲೇ ತಲೆ ಆಡಿಸುತ್ತಾರೆ, ಅದಕ್ಕೆ. ಕಿವಿಗೆ ಯಾವಾಗಲೂ ಒಂದು ಪೆನ್ಸಿಲ್. ಶರ್ಟಿನ ಎಡತೋಳು ಎರಡು ಮಡಿಕೆ, ಬಲತೋಳು ಮೂರು. ಇದು ನನ್ನ ಪುಸ್ತಕದಲ್ಲಿಲ್ಲ, ಬಾಯಿಪಾಠ.

ಆಮೇಲೆ ದಿನಾ ಇದೇ ಆಯಿತು. ಊಟದ ಬಿಡುವಿನಲ್ಲಿ ಮೇಷ್ಟ್ರು ನನ್ನ ಪಕ್ಕದ ಕುರ್ಚಿ ಎತ್ತಿಕೊಂಡು ಬಾವಿಕಟ್ಟೆಗೆ ಹೋಗುವರು. ಸೊಸೆ ಅವರ ಎದುರು ಕೂರುವಳು.

"ಏನೇ, ಅಲ್ಲಿ ಏನ್ ನೋಡ್ತೀಯಾ? ಇಲ್ ನೋಡು."

"ನೋಡ್ತಾ ಇದೀನಲ್ಲ!"

"ಹಾಗಲ್ಲ ಕಣೇ. ತಲೆ ತಗ್ಗಿಸು. ಹಾಂ, ಈಗ ಕಣ್ಣು ಮಾತ್ರ ಎತ್ತು."

'ಕಣೇ' ಕೂಡ! ಅವಳು ಕಣ್ಣೆತ್ತುವಳು. ಅವರು ಪೆನ್ಸಿಲ್ ತೆಗೆದು ಗಾಳಿಯಲ್ಲಿ ಗೆರೆ ಎಳೆದು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅನ್ನುವರು. ಇಬ್ಬರೂ ನಗುವರು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತು, ಅನ್ನವನ್ನು ತಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ತಳ್ಳುತ್ತಿದ್ದೆ. ಒಂದು ದಿನ ಪುಸ್ತಕ ತಿರುವಿದರೆ ನನ್ನದೇ ಕೈಬರಹ: 'ಬಾವಿಕಟ್ಟೆ. ಮೇಷ್ಟ್ರು ನಕ್ಕಿದ್ದು ಏಳು ಸಲ.' ನಾಚಿಕೆಯಾಗಿ ಹಾಳೆ ಹರಿದೆ.

ಮೇಕಪ್ಪಿನವರು ಬೇರೆ ಗಾಯಕ್ಕೆ ಉಪ್ಪು ಸುರಿದರು. "ಕಾದಂಬರಿ ಮುಗಿದ ತಕ್ಷಣ ಮೇಷ್ಟ್ರು ಹೊರಡ್ತಾರಂತೆ. ಕಥೆ ಎಳೆಯೋಕೆ ನನ್ ಕೈಲಾಗಲ್ಲ ಅಂದ್ರಂತೆ. ಸೊಸೆಯ ಮುಂದಿನ ಸೀರಿಯಲ್ಲಿಗೂ ಅವರೇ ಬರೆಯೋದಂತೆ. ಎಷ್ಟು ಚೆನ್ನಾಗಿ ಕೂಡಿ ಬಂತು ನೋಡಿ!"

"ಒಳ್ಳೇದಾಯ್ತು," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕಾದಂಬರಿಯಲ್ಲಿ ಉಳಿದಿದ್ದದ್ದು ಮೂರೇ ಅಧ್ಯಾಯ. ಅಷ್ಟರೊಳಗೆ ನಾನು ಏನಾದರೂ ಹೇಳಬೇಕಿತ್ತು. ಯಾರಿಗೆ ಹೇಳಲಿ? 'ಮೇಡಂ' ಅನ್ನುವವರಿಗೆ ಯಾವ ಬಾಯಲ್ಲಿ ಹೇಳಲಿ?

ಆ ವಾರವೇ ನಾನು ತಪ್ಪು ಮಾಡಿದೆ. ಸೊಸೆ ಕೊಡ ಹೊತ್ತುಕೊಂಡು ಬಾವಿಯಿಂದ ಮನೆಗೆ ಬರುವ ಸೀನು. ಕ್ಯಾಮೆರಾದ ಹಿಂದೆ ನಿಂತು ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು. ನಾನು ಮೇಷ್ಟ್ರನ್ನು ನೋಡುತ್ತಿದ್ದೆ. ಕೊಡವನ್ನು ನೋಡಬೇಕಾದವಳು ನಾನೊಬ್ಬಳೇ. ಬಾವಿಯ ಹತ್ತಿರ ಎಡ ಸೊಂಟದಲ್ಲಿದ್ದ ಕೊಡ ಬಾಗಿಲಿಗೆ ಬರುವ ಹೊತ್ತಿಗೆ ಬಲ ಸೊಂಟಕ್ಕೆ ಹೋಗಿತ್ತು. ಎರಡು ದಿನ ಬಿಟ್ಟು ಎಡಿಟರ್ ಫೋನ್ ಮಾಡಿದಾಗಲೇ ನನಗೆ ಗೊತ್ತಾದದ್ದು. ಅಷ್ಟರಲ್ಲಿ ಆ ಬಾಗಿಲನ್ನು ಬಿಚ್ಚಿ, ಬೇರೆ ಮನೆಗೆ ಹೊಡೆದಾಗಿತ್ತು, ಮತ್ತೆ ಶೂಟ್ ಮಾಡುವ ಹಾಗಿರಲಿಲ್ಲ.

ಡೈರೆಕ್ಟರ್ ಎಲ್ಲರ ಎದುರಿಗೇ ಕೇಳಿದರು. "ಎಂಟು ತಿಂಗಳಲ್ಲಿ ಒಂದು ತಪ್ಪಿಲ್ಲ. ಈಗೇನಾಯ್ತಮ್ಮ? ಕಣ್ಣು ಎಲ್ಲಿತ್ತು?"

ಕಣ್ಣು ಎಲ್ಲಿತ್ತು ಅಂತ ಹೇಳಲಾಗುತ್ತದಾ?

ಮೇಷ್ಟ್ರು ಕಿವಿಯಿಂದ ಪೆನ್ಸಿಲ್ ತೆಗೆದರು. "ಸರ್, ಅತ್ತೆ ದನಿ ಒಳಗಿಂದ ಬರಲಿ. 'ಬಾವಿಯಿಂದ ಬಾಗಿಲಿಗೆ ಬರೋಷ್ಟರಲ್ಲಿ ಸೊಂಟ ಬದಲಾಯಿಸ್ತೀಯಲ್ಲೇ, ನೀರು ತರ್ತಿದೀಯೋ ಮಗು ಆಡಿಸ್ತಿದೀಯೋ?' ಇಷ್ಟು ಸೇರಿಸಿದ್ರೆ ತಪ್ಪು ಸೊಸೇದೇ ಆಗುತ್ತೆ."

ಡೈರೆಕ್ಟರ್ ನಕ್ಕುಬಿಟ್ಟರು. ನನಗೆ ಅಳು ಬಂತು. ಥ್ಯಾಂಕ್ಸ್ ಹೇಳಬೇಕು ಅಂತ ಹತ್ತಿರ ಹೋದೆ.

"ಪರವಾಗಿಲ್ಲ ಬಿಡಿ ಮೇಡಂ," ಅಂದರು.

ಆ 'ಬಿಡಿ', ಆ 'ಮೇಡಂ'. ಥ್ಯಾಂಕ್ಸ್ ಅಲ್ಲೇ ನುಂಗಿಕೊಂಡು ತಿರುಗಿ ಬಂದೆ.

ಆ ಎಪಿಸೋಡ್ ಬಂದ ದಿನ ಸಂಜೆ ನಾನು ಮನೆಯಲ್ಲಿದ್ದೆ. ನಮ್ಮಮ್ಮ ಕಾದಂಬರಿಯನ್ನು ಮದುವೆಗೆ ಮುಂಚೆಯೇ ಓದಿದವಳು. ದಿನಾ ಟೀವಿ ಎದುರು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಪರೀಕ್ಷೆ ಪೇಪರ್ ತಿದ್ದುವವಳ ಹಾಗೆ ಕೂರುತ್ತಾಳೆ. ಅತ್ತೆಯ ಮಾತು ಬಂದಾಗ ಅವಳು ಪುಟ ತಿರುವಿದಳು, ಮತ್ತೆ ತಿರುವಿದಳು, ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಇದು ಪುಸ್ತಕದಲ್ಲಿಲ್ಲ ಕಣೇ! ಯಾರೇ ಬರೆದೋನು?"

"ಇದಾರೆ ಒಬ್ಬರು."

"ಇದಾರೆ ಒಬ್ಬರು ಅನ್ನೋವಾಗ ಮುಖ ಯಾಕೆ ಗಂಟು ಹಾಕ್ಕೋತೀಯಾ? ಒಂದು ದಿನ ಮನೇಗೆ ಕರ್ಕೊಂಡು ಬಾ. ನಾನೂ ನೋಡ್ತೀನಿ."

"ಅವರೇನು ನಾನು ಕರೆದ ತಕ್ಷಣ ಬರ್ತಾರಾ?"

"ಕರೆದು ನೋಡಿದೀಯಾ?"

ನಾನು ಎದ್ದು ಅಡುಗೆಮನೆಗೆ ಹೋದೆ.

ಕಾದಂಬರಿ ಮುಗಿಯುವ ದಿನ ಬಂತು. ಕೊನೆಯ ಸೀನಿನಲ್ಲಿ, ಮದುವೆಯಾದಾಗಿನಿಂದ ಹೆಂಡತಿಯ ಜೊತೆ ಸರಿಯಾಗಿ ಮಾತೇ ಆಡದ ಗಂಡ ಬಾವಿಕಟ್ಟೆಯ ಹತ್ತಿರ ಮೊದಲ ಸಲ ಮನಸ್ಸು ಬಿಚ್ಚುತ್ತಾನೆ. ಬೆಳಿಗ್ಗೆಯೇ ಮೇಷ್ಟ್ರು ಕೈಬರಹದ ಐದು ಹಾಳೆ ತಂದು ನನ್ನ ಮಡಿಲಲ್ಲಿಟ್ಟರು.

"ಕೊನೇ ಹಾಳೆ ಮಾತ್ರ ಸ್ವಲ್ಪ ನಿಧಾನವಾಗಿ ನೋಡಿ ಮೇಡಂ."

"ನಿಧಾನವಾಗಿ ನೋಡೋದೇ ನನ್ನ ಕೆಲಸ ಸರ್," ಅಂದೆ. ಕಾಫಿ ಹಿಡಿದುಕೊಂಡು ಇನ್ನೂ ಏನೋ ಹೇಳುವವರ ಹಾಗೆ ನಿಂತಿದ್ದರು. ನಾನು ತಲೆ ಎತ್ತಲಿಲ್ಲ. ಹೋದರು.

ನಾಲ್ಕು ಹಾಳೆ ಸರಿಯಾಗಿತ್ತು. ಐದನೆಯದರಲ್ಲಿ ಸೀನ್ ನಂಬರ್ ಕೂಡ ಇರಲಿಲ್ಲ. ಹೀಗೆ ಬರೆದಿತ್ತು:

'ನೀವು ಎಲ್ಲಾ ನೋಡ್ತೀರಿ. ಯಾವ ಬಾಗಿಲು ಎಷ್ಟು ತೆರೆದಿದೆ, ಯಾವ ಲೋಟದಲ್ಲಿ ಎಷ್ಟು ನೀರಿದೆ, ಎಲ್ಲಾ. ಪಕ್ಕದ ಕುರ್ಚೀಲಿ ಕೂತವನು ಮಾತ್ರ ನಿಮ್ಮ ಕಣ್ಣಿಗೆ ಬೀಳಲ್ಲ. ಎಷ್ಟೋ ಸಲ ಹೇಳ್ಬೇಕು ಅಂತ ಬರ್ತೀನಿ, ಪೆನ್ಸಿಲ್ ಹುಡುಕೋ ಹಾಗೆ ಮಾಡಿ ವಾಪಸ್ ಹೋಗ್ತೀನಿ. ಇವತ್ತಾದ್ರೂ ತಲೆ ಎತ್ತು. ಒಂದು ಸಲ ನನ್ನ ನೋಡು. ನೀನು ಬೇಡ ಅಂದ್ರೂ ಸರಿ, ನೋಡಿ ಬೇಡ ಅನ್ನು.'

ಇಷ್ಟು ಚೆಂದವಾಗಿ ಅವರು ಯಾವತ್ತೂ ಬರೆದಿರಲಿಲ್ಲ. ತಮ್ಮ ಮನಸ್ಸನ್ನೇ ಹೀರೋನ ಬಾಯಿಗಿಟ್ಟು ಸೊಸೆಗೆ ಕಳಿಸುತ್ತಿದ್ದಾರೆ, ಅದನ್ನು ನಾನೇ ತಿದ್ದಿ ಕೊಡಬೇಕು! ನೀವು ನಗಬಹುದು. ಹೊಟ್ಟೆ ಉರಿಯುವಾಗ ಕಣ್ಣು ಕಾಣುವುದಿಲ್ಲ, ನನ್ನಂಥ ಕಣ್ಣೂ ಕಾಣುವುದಿಲ್ಲ. ಕೆಂಪು ಪೆನ್ಸಿಲ್ ಹೆರೆದುಕೊಂಡು ಮೂರು ಕಡೆ ಸುತ್ತು ಹಾಕಿದೆ. ಪಕ್ಕದಲ್ಲಿ ಬರೆದೆ: 'ಬಹುವಚನದಿಂದ ಶುರುವಾಗಿ ಏಕವಚನಕ್ಕೆ ಜಾರಿದೆ, ಒಂದೇ ಇರಲಿ. ಈ ಮನೆಯಲ್ಲಿ ಕುರ್ಚಿ ಇಲ್ಲ. ಹೀರೋಗೆ ಓದು ಬರಹ ಬರುವುದಿಲ್ಲ, ಪೆನ್ಸಿಲ್ ಎಲ್ಲಿಂದ ಬಂತು?'

ಸೊಸೆ ಹಾಳೆ ಕೇಳಲು ಬಂದಳು. ಐದನ್ನೂ ಅವಳ ಕೈಗೆ ತುರುಕಿದೆ. "ತಗೋ. ಕೊನೇದು ನಿನಗೇ ಬರೆದಿರೋದು."

ಅವಳು ಅಲ್ಲೇ ನಿಂತು ಓದಿದಳು. ಓದುತ್ತಾ ಓದುತ್ತಾ ಅವಳ ಹುಬ್ಬು ಮೇಲೆ ಹೋಯಿತು. ಆಮೇಲೆ ಕೆಂಪು ಸುತ್ತುಗಳನ್ನು ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನನ್ನ ಪಕ್ಕ ಕುಸಿದು ಕೂತಳು.

"ಅಕ್ಕಾ, ಕುರ್ಚಿ ಇಲ್ಲ ಅಂತ ಬರೆದಿದೀರಲ್ಲ, ನಾನೀಗ ಯಾವುದರ ಮೇಲೆ ಕೂತಿದೀನಿ?"

ನಾನು ನೋಡಿದೆ. ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿ. ಮೇಷ್ಟ್ರದು.

"ಪೆನ್ಸಿಲ್ ಯಾರ ಕಿವೀಲಿರುತ್ತೆ? ಲೋಟದ ನೀರು ಅಳೆಯೋರು ಯಾರು? ನಾನಾ?"

"ಮತ್ತೆ... ನಿನ್ನ 'ಬಾ, ಹೋಗೇ' ಅಂತಾರಲ್ಲ," ಅಂದೆ. ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದು ಹೊರಗೆ ಬಂದೇಬಿಟ್ಟಿತು.

"ಅಯ್ಯೋ, ಅದು ಅತ್ತೆ ಪಾರ್ಟು ಅಕ್ಕಾ! ನಮ್ಮನೇಲಿ ನನ್ನ ಯಾರೂ ಗದರಿಸಿದವರಲ್ಲ. ಅತ್ತೆ ಬೈದ್ರೆ ಮುಖ ಹೇಗಿಡಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಇಡೀ ದಿನ ನನ್ ಅತ್ತೆ ಹಾಗೇ ಮಾತಾಡಿ ಅಂತ ನಾನೇ ಮೇಷ್ಟ್ರನ್ನ ಕೇಳ್ಕೊಂಡೆ. ಅತ್ತೆ ಎಲ್ಲಾದ್ರೂ ಸೊಸೇನ 'ಬನ್ನಿ ಮೇಡಂ' ಅಂತಾಳಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾಳೆ ಕಿತ್ತುಕೊಂಡು ಓಡಿದೆ.

ಮೇಷ್ಟ್ರು ಬಾವಿಕಟ್ಟೆಯ ಮೇಲೆ ಕೂತಿದ್ದರು. ನನ್ನ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡು ಕೆಂಪು ಸುತ್ತುಗಳನ್ನು ಒಂದೊಂದಾಗಿ ನೋಡಿದರು. ಅವರ ಮುಖ ಇಳಿದುಹೋಯಿತು.

"ಗೊತ್ತಾಯ್ತು ಮೇಡಂ. ಉತ್ತರ ನೀವು ಹೀಗೆ ಕೊಡ್ತೀರಿ ಅಂದ್ಕೊಂಡಿರ್ಲಿಲ್ಲ. ತಪ್ಪು ತಿಳ್ಕೋಬೇಡಿ."

"ಇದು ಉತ್ತರ ಅಲ್ಲ! ಇದು ಡೈಲಾಗ್ ಅಂದ್ಕೊಂಡೆ ನಾನು. ಅವಳಿಗೆ ಅಂದ್ಕೊಂಡೆ. ಎಂಟು ತಿಂಗಳಿಂದ ಬನ್ನಿ, ಹೋಗಿ, ತಗೊಳ್ಳಿ ಅಂತಿದ್ರೆ ನನಗೇನು ಕನಸು ಬೀಳುತ್ತಾ?"

ಅವರು ಕೈ ಚಾಚಿದರು.

"ನಿಮ್ಮ ಪುಸ್ತಕ ಕೊಡಿ," ಅಂದರು.

ಕೊಟ್ಟೆ. ಅವರು ಮೊದಲನೇ ಪುಟಕ್ಕೆ ತಿರುವಿ ನನ್ನ ಮುಂದೆ ಹಿಡಿದರು. ಮೊದಲ ದಿನದ ತಾರೀಖು. ಪಾತ್ರಗಳ ಪಟ್ಟಿ. ಪಟ್ಟಿಯ ಕೆಳಗೆ ನನ್ನದೇ ಅಕ್ಷರ, ಕೆಂಪಿನಲ್ಲಿ: 'ಡೈಲಾಗ್ ರೈಟರ್, ನನ್ನ ಜೊತೆ: ಬಹುವಚನ. ಹೀಗೇ ಮುಂದುವರಿಯಬೇಕು.'

"ಮೊದಲ ದಿನ ನಾನು 'ಆ ಪುಸ್ತಕ ಸ್ವಲ್ಪ ಕೊಡು' ಅಂದೆ. 'ಕೊಡಿ ಅನ್ನಿ' ಅಂದ್ರಿ. ಅಂದು ಸುಮ್ನಾಗ್ಲಿಲ್ಲ, ನನ್ನ ಎದುರಿಗೇ ಇದನ್ನ ಬರ್ಕೊಂಡ್ರಿ. ನಾನೇನ್ ಮಾಡ್ಲಿ? ನಿಮ್ಮ ಪುಸ್ತಕದಲ್ಲಿ ಬಂದದ್ದನ್ನ ಡೈರೆಕ್ಟರೇ ದಾಟಲ್ಲ."

ನೆನಪಾಯಿತು. ಅವತ್ತು ನನಗೆ ಅವರ ಮೇಲೆ ಸಿಟ್ಟೂ ಇರಲಿಲ್ಲ, ಸುಮ್ಮನೆ ಜಂಬ. ಬರೆದು ಮರೆತಿದ್ದೆ. ಯಾರ ಲೋಟದಲ್ಲಿ ಎಷ್ಟು ನೀರಿತ್ತು ಅಂತ ನೆನಪಿಡುವವಳು ಇದನ್ನು ಮರೆತಿದ್ದೆ, ಇವರು ಎಂಟು ತಿಂಗಳು ಇದನ್ನೇ ಹಿಡಿದುಕೊಂಡು ನಡೆದಿದ್ದರು.

"ಹೊಸ ಸೀರಿಯಲ್ಲಿಗೆ ಹೊರಟಿದೀರಂತಲ್ಲ," ಅಂದೆ.

"ಅಲ್ಲಿ ಕಂಟಿನ್ಯೂಟಿಗೆ ಇನ್ನೂ ಯಾರೂ ಸಿಕ್ಕಿಲ್ಲ. ನಿಮ್ಮ ಹೆಸರು ಹೇಳ್ಲಾ ಅಂತ ಬೆಳಿಗ್ಗೆ ಕೇಳೋಕೆ ನಿಂತಿದ್ದೆ. ನೀವು ತಲೆ ಎತ್ತಲಿಲ್ಲ."

ಈಗ ಎತ್ತಿದೆ. ಎಡತೋಳು ಎರಡು ಮಡಿಕೆ, ಬಲತೋಳು ಮೂರು. ಕಣ್ಣು ನನ್ನ ಮೇಲೆಯೇ ಇತ್ತು. ಆ ಕಣ್ಣು ಎಷ್ಟು ದಿನದಿಂದ ಹಾಗಿತ್ತೋ, ಅದನ್ನು ನಾನು ಬರೆದಿಟ್ಟಿರಲಿಲ್ಲ.

ಅವರ ಕಿವಿಯಿಂದ ಪೆನ್ಸಿಲ್ ತೆಗೆದೆ. ಮೊದಲನೇ ಪುಟದ ಆ ಸಾಲನ್ನು ಉದ್ದಕ್ಕೂ ಹೊಡೆದು ಹಾಕಿದೆ. ಪೆನ್ಸಿಲನ್ನು ಅದೇ ಕಿವಿಗೆ, ಅದೇ ಓರೆಯಲ್ಲಿ ವಾಪಸ್ ಸಿಕ್ಕಿಸಿದೆ. ಕೈ ತೆಗೆಯಲು ಮಾತ್ರ ಸ್ವಲ್ಪ ತಡವಾಯಿತು.

"ನಮ್ಮಮ್ಮ ಒಂದು ದಿನ ಮನೇಗೆ ಕರ್ಕೊಂಡು ಬಾ ಅಂದಿದಾಳೆ," ಅಂದೆ. "ಬರ್ತೀಯಾ?"

ಬಾವಿಯ ಆಚೆ ಸೊಸೆ ಕೊಡ ಹಿಡಿದುಕೊಂಡು ನಿಂತು, ಕೇಳಿಸದವಳ ಹಾಗೆ ಆಕಾಶ ನೋಡುತ್ತಿದ್ದಳು.

"ಬರ್ತೀನಿ ಕಣೇ," ಅಂದರು.

ಅಲ್ಲ. ಅಂದ.