ಅಳಿಸಿದ ಅಕ್ಷರಕ್ಕೆ ಹಿಡಿದ ಧೂಳು

“ಈ ಗಾಡಿ ನಾನು ಮುಟ್ಟಲ್ಲ ಸಾಬ್. ಬೇರೆ ಯಾರಿಗಾದ್ರೂ ಹೇಳಿ.”

ಲೋಹಿತಾ ಆಗಷ್ಟೇ ವ್ಯಾನಿನಿಂದ ಇಳಿದಿದ್ದಳು. ಕೊರಟಗೆರೆಯಲ್ಲಿ ಮದುಮಗಳೊಬ್ಬಳಿಗೆ ಮೇಕಪ್ ಮುಗಿಸಿ, ಮರಗಟ್ಟಿದ ಕಾಲಲ್ಲೇ ಶಿರಾದವರೆಗೆ ಗಾಡಿ ಓಡಿಸಿಕೊಂಡು ಬಂದಿದ್ದಳು. ಬಂದವಳಿಗೆ ಇಂಥ ಸ್ವಾಗತ!

ಹೇಳಿದವನು ಕರೀಮ್ ಸಾಬರ ರೇಡಿಯಂ ಅಂಗಡಿಯ ಕೆಲಸಗಾರ ನಾಗಭೂಷಣ್. ಗಾಡಿಗಳಿಗೆ ಹೆಸರು, ದೇವರ ಚಿತ್ರ ಕತ್ತರಿಸಿ ಅಂಟಿಸುವುದು, ಹಳೆಯದನ್ನು ಕೀಳುವುದು ಅವನ ಕೆಲಸ. ನಿದ್ದೆಗೆಟ್ಟವನ ಕಣ್ಣು. ಆ ಕಣ್ಣು ಬಿಳಿ ವ್ಯಾನಿನ ಪಕ್ಕದಲ್ಲಿದ್ದ ಕೆಂಪು ಅಕ್ಷರಗಳ ಮೇಲೆ ನೆಟ್ಟಿತ್ತು: ಆಂಬುಲೆನ್ಸ್.

“ಆಂಬುಲೆನ್ಸ್ ಆದ್ರೆ ನಿಮಗೆ ಮೈಲಿಗೇನಾ?” ಲೋಹಿತಾ ಕೇಳಿದಳು.

“ಮೈಲಿಗೆ ಅಲ್ಲ ಮೇಡಂ...” ಅಷ್ಟೇ. ಅವನು ತಲೆ ತಗ್ಗಿಸಿ ಕತ್ತರಿ ಕೈಗೆತ್ತಿಕೊಂಡ.

‘ಅಬ್ಬಾ, ಎಂಥ ಜಂಬ!’ ಅಂದುಕೊಂಡಳು.

ಹೋದ ವಾರವಷ್ಟೇ ಈ ಹಳೆಯ ವ್ಯಾನನ್ನು ಕೊಂಡಿದ್ದಳು. ಮೇಕಪ್ ಪೆಟ್ಟಿಗೆ ಹೊತ್ತು ಬಸ್ಸಿಗೆ ಕಾದು ಕಾದು ಸಾಕಾಗಿತ್ತು. ಆದರೆ ಈ ಬರಹ ಹೊತ್ತ ಗಾಡಿಯನ್ನು ಛತ್ರದ ಮುಂದೆ ನಿಲ್ಲಿಸುವುದುಂಟೇ? ಇವತ್ತು ಪೆಟ್ರೋಲ್ ಬಂಕಿನ ಹಿಂದೆ ಬಚ್ಚಿಟ್ಟು, ಪೆಟ್ಟಿಗೆ ಹೊತ್ತು ನಡೆದೇ ಹೋಗಿದ್ದಳು.

“ಶನಿವಾರ ಪಾವಗಡದಲ್ಲಿ ದೊಡ್ಡ ಮದುವೆ ಇದೆ ಸಾಬ್ರೆ. ಆ ಕಡೆ ನನಗೆ ಸಿಕ್ಕಿರೋ ಮೊದಲ ಮದುವೆ ಕೆಲಸ. ಹೆಸರು ಕೆಟ್ರೆ ಇನ್ನೊಬ್ರು ಕರೆಯಲ್ಲ.”

“ಲೇ ನಾಗಭೂಷಣ,” ಕರೀಮ್ ಸಾಬರು ಚಹಾದ ಲೋಟ ಕೆಳಗಿಟ್ಟರು. “ಹುಡುಗಿ ಮುಖ ನೋಡೋ. ಊಟ ಮಾಡಿದ್ದಾಳೋ ಇಲ್ವೋ. ಕಿತ್ತು ಕೊಡಪ್ಪಾ.”

ಅವನು ನಿಟ್ಟುಸಿರು ಬಿಟ್ಟು ಎದ್ದ. ಸ್ಟಿಕರ್ ಬಿಸಿ ಮಾಡುವ ಹೀಟ್ ಗನ್ ಒತ್ತಿದ. ಅದು ಗುರ್ ಅಂದು ಸುಮ್ಮನಾಯಿತು.

“ಕೆಟ್ಟೋಯ್ತು. ನಾಳೆ ಬನ್ನಿ.”

“ಆಗಲ್ಲ!” ಲೋಹಿತಾ ಪೆಟ್ಟಿಗೆಯಿಂದ ತನ್ನ ಹೇರ್ ಡ್ರೈಯರ್ ತೆಗೆದಳು. “ಇದೂ ಬಿಸಿ ಗಾಳೀನೇ ತಾನೆ?”

ಅವನು ಅದನ್ನು ತಿರುಗಿಸಿ ನೋಡಿದ. ಮೊದಲ ಸಲ ಅವನ ತುಟಿಯ ಅಂಚು ಅಲುಗಿತು. “ಮದುಮಗಳ ಜಡೆ ಒಣಗಿಸೋದ್ರಲ್ಲಿ ಗಾಡೀಗಾ?”

“ಈ ಗಾಡೀನೂ ಮದುವೆಗೇ ಹೊರಟಿರೋದು ಕಣ್ರೀ!”

ಕರೀಮ್ ಸಾಬರು ನಕ್ಕುಬಿಟ್ಟರು.

*

ಕೆಲಸ ಅವಳು ಎಣಿಸಿದಷ್ಟು ಸುಲಭವಿರಲಿಲ್ಲ. ವರ್ಷಗಟ್ಟಲೆ ಬಿಸಿಲು ತಿಂದ ಸ್ಟಿಕರ್ ಒಣಗಿದ ಹಪ್ಪಳದಂತೆ ಚೂರು ಚೂರಾಗುತ್ತಿತ್ತು. ಅವಳು ಡ್ರೈಯರ್ ಹಿಡಿದಳು, ಅವನು ಉಗುರಿನಿಂದ ಅಂಚೆಬ್ಬಿಸಿ ಮೆಲ್ಲನೆ ಎಳೆದ.

ತಾಳ್ಮೆಗೆಟ್ಟು ಅವಳು ಬ್ಲೇಡಿಗೆ ಕೈ ಹಾಕಿದಾಗ, ಅವನು ಥಟ್ಟನೆ ಅವಳ ಮಣಿಕಟ್ಟು ಹಿಡಿದ.

“ಬ್ಲೇಡ್ ಬೇಡ! ಗಾಜಿಗಾದ್ರೆ ಸರಿ. ಪೇಂಟಿಗೆ ಗಾಯ ಆದ್ರೆ ಹೋಗಲ್ಲ.”

ಹಿಡಿದದ್ದು ಅರಿವಾಗಿ ಕೈಬಿಟ್ಟ. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಎರಡು ಮಧ್ಯಾಹ್ನ ಹೀಗೇ ಕಳೆದವು. ಅವನದು ಮಾತು ಕಡಿಮೆ. ಆದರೆ ಬಿಸಿಲು ಸರಿದಂತೆಲ್ಲ ಅವಳ ಸ್ಟೂಲನ್ನು ನೆರಳಿಗೆ ಎಳೆದಿಡುತ್ತಿದ್ದ. ತನಗೆಂದು ಬಂದ ಚಹಾವನ್ನು ಅವಳ ಕಡೆ ಸರಿಸುತ್ತಿದ್ದ. ಬೇರೆಯವರ ಮುಖ ಸಿಂಗರಿಸಿ ದಣಿದವಳಿಗೆ ಇಷ್ಟು ಮಾಡಿದವರು ಯಾರಿದ್ದರು?

ಒಮ್ಮೆ ಮಾತ್ರ ಕೇಳಿದ. “ಈ ಗಾಡಿ ಮಾರೋ ಹಂಗಿದ್ರೆ ನಂಗೆ ಹೇಳ್ತೀರಾ?”

“ಯಾಕೆ? ಮುಟ್ಟಲ್ಲ ಅಂದೋರಿಗೆ ಯಾಕೆ ಬೇಕು?”

ಅವನು ಇನ್ನೊಂದು ಅಕ್ಷರದ ಅಂಚೆಬ್ಬಿಸತೊಡಗಿದ.

ಶುಕ್ರವಾರ ಸಂಜೆ ಕೊನೆಯ ಅಕ್ಷರವೂ ಬಂತು. ವ್ಯಾನು ಬೆಳ್ಳಗೆ ಕಂಡಿತು.

“ಇವತ್ತು ತಗೊಂಡೋಗ್ಬೇಡಿ,” ಅಂದ ನಾಗಭೂಷಣ್. “ಗಮ್ ಇನ್ನೂ ಇದೆ. ಕಣ್ಣಿಗೆ ಕಾಣಲ್ಲ, ಕೈಗೆ ಗೊತ್ತಾಗುತ್ತೆ. ಬೆಳಿಗ್ಗೆ ಸೀಮೆಎಣ್ಣೆ ಹಾಕಿ ಒರೆಸಿ, ಶಾಂಪೂ ನೀರಲ್ಲಿ ತೊಳೆದು ಕೊಡ್ತೀನಿ.”

“ಬೆಳಿಗ್ಗೆ ಹೊರಡ್ಬೇಕು. ಕೈಯಲ್ಲಿ ಮುಟ್ಟಿ ನೋಡೋರು ಯಾರು ಬಿಡಿ.”

ಮಧುಗಿರಿಯ ಮನೆ ತಲುಪಿ ಮುಟ್ಟಿ ನೋಡಿದಾಗ ಬೆರಳು ಅಂಟಿತು. ಲೋಹಿತಾ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದಳು. ಮದುಮಗಳ ಹಣೆಯ ಬಿಂದಿ ಗಮ್ ತೆಗೆಯುವುದು ಅದರಲ್ಲೇ ಅಲ್ಲವೇ? ಅಕ್ಷರವಿದ್ದ ಜಾಗಕ್ಕೆಲ್ಲ ಹಚ್ಚಿ, ಹತ್ತಿಯಿಂದ ಒರೆಸಿದಳು. ಫಳಫಳ ಹೊಳೆಯಿತು. ತೊಳೆಯಲು ಕೈಯಲ್ಲಿ ತ್ರಾಣವಿರಲಿಲ್ಲ.

*

ಮಿಡಿಗೇಶಿ ದಾಟಿದ ಮೇಲೆ ರಸ್ತೆ ಅಗೆದು ಹಾಕಿದ್ದರು. ಕೆಂಪು ಧೂಳು. ಲೋಹಿತಾ ಗಾಜು ಏರಿಸಿಕೊಂಡು ಓಡಿಸಿದಳು.

ಪಾವಗಡದ ಛತ್ರದ ಮುಂದೆ ಇಳಿದು ಪೆಟ್ಟಿಗೆ ತೆಗೆಯುವಷ್ಟರಲ್ಲಿ ಮದುಮಗಳ ಅಜ್ಜಿ ಪಟಾಲಮ್ಮನ ತೆಲುಗು ಬೆರೆತ ಕೂಗು ಕೇಳಿಸಿತು.

“ಅಯ್ಯೋ ನಾ ತಲ್ಲೀ! ಪೆಂಡ್ಲಿ ಮನೇಗೆ ಹೆಣದ ಬಂಡಿ ತಂದವ್ಳೆ ನೋಡ್ರೋ!”

ಲೋಹಿತಾ ತಿರುಗಿ ನೋಡಿದಳು.

ಬಿಳಿ ವ್ಯಾನಿನ ಮೇಲೆ ಧೂಳಿನಲ್ಲೇ ಬರೆದಂತೆ, ದಪ್ಪಗೆ, ಕೆಂಪಗೆ... ಆಂಬುಲೆನ್ಸ್.

“ಇಲ್ಲಜ್ಜೀ... ಇದು... ಸ್ಕೂಲ್ ಗಾಡಿ. ಯಾರೋ ಹುಡುಗ್ರು ಗೀಚಿದಾರೆ...” ನಾಲಿಗೆ ತಡವರಿಸಿತು.

ಆಗ ಗೇಟಿನ ಬಳಿ ಬೈಕೊಂದು ನಿಂತಿತು. ತಲೆಯಿಂದ ಕಾಲಿನವರೆಗೆ ಧೂಳು ಮೆತ್ತಿದ ನಾಗಭೂಷಣ್, ಕೈಯಲ್ಲಿ ಬಾಟಲಿ, ಬಟ್ಟೆ. ಅವಳು ಹೇಳಿದ ಸುಳ್ಳು ಅವನ ಕಿವಿಗೆ ಬಿದ್ದಿರಲಿಲ್ಲ. ಅವನು ನೇರ ವ್ಯಾನಿನ ಹತ್ತಿರ ಬಂದು ಅಕ್ಷರ ಮುಟ್ಟಿದ, ಬೆರಳನ್ನು ಮೂಸಿದ.

“ಲೇ, ನಿಂಗೆ ಗೊತ್ತೇನಯ್ಯಾ ಈ ಬಂಡಿ?” ಅಜ್ಜಿ ಗದರಿದಳು. “ಹೆಣ ಹೊತ್ತಿದ್ದೋ ಇಲ್ಲೋ, ನಿಜ ಚೆಪ್ಪು, ಹೇಳು!”

“ಆಂಬುಲೆನ್ಸೇ ಅಜ್ಜಿ. ನಾನೇ ಓಡಿಸ್ತಿದ್ದೆ. ಹೆಣಾನೂ ತಂದಿದ್ದೀನಿ, ಬದುಕಿದೋರನ್ನೂ ತಂದಿದ್ದೀನಿ.”

ಮುಗಿಯಿತು. ಲೋಹಿತಾಳ ಪೆಟ್ಟಿಗೆ ಗೇಟಿನಾಚೆ ಬಂತು.

“ಇದಕ್ಕೇ ಅಲ್ವಾ ಬಂದಿದ್ದು?” ಅವಳು ಅವನತ್ತ ತಿರುಗಿದಳು. “ಬೇಕಂತಲೇ ಗಮ್ ಬಿಟ್ರಿ. ನನ್ನ ಹೆಸರು ಕೆಟ್ರೆ ಗಾಡಿ ಮಾರ್ತಾಳೆ, ಕೊಂಡ್ಕೋಬಹುದು ಅಂತ! ಹೊಟ್ಟೆ ಮೇಲೆ ಹೊಡೆದ್ಬುಟ್ರಿ ನಾಗಭೂಷಣ್...”

ಅವನು ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ತಲೆ ತಗ್ಗಿಸಿ ನಿಂತ.

ಆ ಮೌನ ಅವಳಿಗೆ ಒಪ್ಪಿಗೆಯಂತೆ ಕಂಡಿತು.

*

ಮುಂದಿನ ವಾರ ಲೋಹಿತಾ ಮತ್ತೆ ಶಿರಾಕ್ಕೆ ಬಂದಳು. ಜಗಳಕ್ಕಲ್ಲ, ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ. ಗಾಡಿ ಶುದ್ಧವಾದರೆ ಸಾಕಿತ್ತು.

ನಾಗಭೂಷಣ್ ಇರಲಿಲ್ಲ. ಕರೀಮ್ ಸಾಬರು ಧೂಳಿನ ಅಕ್ಷರದ ಮೇಲೆ ಬೆರಳಾಡಿಸಿದರು. ಮೂಸಿದರು.

“ಅರೆ ಬೇಟಿ, ಕೊಬ್ಬರಿ ಎಣ್ಣೆ ಹಚ್ಚಿದ್ದು ಯಾರು?”

“ನಾನೇ... ಗಮ್ ಹೋಗ್ಲಿ ಅಂತ.”

“ಹಚ್ಚಿದ್ಮೇಲೆ ತೊಳೀಬೇಕಲ್ಲಮ್ಮಾ! ಬರೀ ಗಮ್ ಆಗಿದ್ರೆ ಮಾಸಲು ಮಾಸಲಾಗಿ ಕಾಣ್ತಿತ್ತು. ಗಮ್ಮಿಗೆ ಎಣ್ಣೆ ಸೇರಿ ಧೂಳನ್ನೆಲ್ಲ ಹಿಡ್ಕೊಂಡು ಕೂತಿದೆ.”

ಲೋಹಿತಾ ಸ್ಟೂಲು ಎಳೆದು ಕೂತಳು. ಅಂದು ಅವನು ಬೆರಳು ಮೂಸಿದ್ದು ಕಣ್ಣ ಮುಂದೆ ಬಂತು. ಅವನಿಗೆ ಆಗಲೇ ಗೊತ್ತಾಗಿತ್ತು! ಅಷ್ಟು ಜನರ ಮುಂದೆ ‘ತಪ್ಪು ನಿಂದೇ’ ಅನ್ನಬಹುದಿತ್ತು. ಅನ್ನಲಿಲ್ಲ.

“ಪಾವಗಡಕ್ಕೆ ಯಾಕೆ ಬಂದ್ರು ಸಾಬ್ರೆ ಅವ್ರು?”

“ನಿಂಗೆ ಫೋನ್ ಮಾಡಿ ಮಾಡಿ ಸಾಕಾಯ್ತು ಅವನಿಗೆ. ಆ ರಸ್ತೆ ಧೂಳಿಗೆ ಅಕ್ಷರ ಏಳುತ್ತೆ, ಪಾಪ ಹುಡುಗಿ ಮರ್ಯಾದೆ ಹೋಗುತ್ತೆ ಅಂತ ಊಟಾನೂ ಬಿಟ್ಟು ಓಡಿದ.”

ಡ್ರೈವ್ ಮಾಡುವಾಗ ಫೋನು ಪೆಟ್ಟಿಗೆಯಲ್ಲಿತ್ತು. ಆಮೇಲೆ ಅವನ ಹೆಸರು ಕಂಡಾಗಲೆಲ್ಲ ಸಿಟ್ಟಿನಿಂದ ಮುಖ ತಿರುಗಿಸಿದ್ದಳು.

ಅಷ್ಟರಲ್ಲಿ ನಾಗಭೂಷಣ್ ಬಂದ. ಅವಳನ್ನು ಕಂಡು ಬಾಗಿಲಲ್ಲೇ ನಿಂತ. ಸಾಬರು ನಮಾಜಿಗೆ ಹೊತ್ತಾಯಿತೆಂದು ಟೋಪಿ ಹಾಕಿಕೊಂಡು ನಡೆದುಬಿಟ್ಟರು.

ಅವನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿದ. ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. ಒಂದೊಂದೇ ಅಕ್ಷರ ಕರಗಿತು.

“ಯಾಕೆ ಹೇಳ್ಲಿಲ್ಲ ಆವತ್ತು?”

“ಎಲ್ರೂ ನಿಮ್ಮನ್ನೇ ಬೈತಿದ್ರು. ನಾನೂ ಒಬ್ಬ ಯಾಕೆ?”

ಅವಳ ಕಣ್ಣು ತುಂಬಿತು. “ಗಾಡಿ ಓಡಿಸೋದು ಯಾಕೆ ಬಿಟ್ರಿ?”

ಅವನು ಬಟ್ಟೆಯನ್ನು ಹಿಂಡಿ ಮತ್ತೆ ಉಜ್ಜತೊಡಗಿದ.

“ಸುಸ್ತಾಗಿ. ಹಿಂದೆ ಕೂತೋರು ‘ಆಸ್ಪತ್ರೆ ಇನ್ನೆಷ್ಟು ದೂರ’ ಅಂತ ಕೇಳ್ತಾನೇ ಇರ್ತಿದ್ರು. ನಾನು ‘ಬಂದೇ ಬುಡ್ತು’ ಅಂತಾನೇ ಇರ್ತಿದ್ದೆ. ಬಂದಿರ್ತಿರ್ಲಿಲ್ಲ. ಆ ಸುಳ್ಳು ಸಾಕಾಗೋಯ್ತು. ಅದ್ಕೇ ಅಜ್ಜಿ ಕೇಳ್ದಾಗ ಬಾಯಿಗೆ ನಿಜಾನೇ ಬಂತು. ನಿಮ್ಮ ಕೆಲ್ಸ ಹೋಗುತ್ತೆ ಅಂತ ಹೊಳೀಲಿಲ್ಲ. ಅದೊಂದು ತಪ್ಪು ನಂದೇ.”

“ಮತ್ತೆ ಗಾಡಿ ಕೇಳಿದ್ದು?”

“ನೀವು ಮಾರ್ಬೇಕಾಗಿ ಬಂದ್ರೆ ಇದು ಮತ್ತೆ ಅದೇ ಕೆಲ್ಸಕ್ಕೆ ಹೋಗೋದು ಬೇಡ ಅನ್ನಿಸ್ತು. ಇದಕ್ಕೂ ಸುಸ್ತಾಗಿರುತ್ತಲ್ವಾ...”

ಲೋಹಿತಾ ಅಳುತ್ತಲೇ ನಕ್ಕಳು. “ನನಗೂ ಸುಸ್ತಾಗಿದೆ ನಾಗಭೂಷಣ್. ಒಬ್ಬಳೇ ಓಡಿಸಿ ಓಡಿಸಿ... ಜೊತೆಗೆ ಬರ್ತೀರಾ?”

“ಡ್ರೈವರ್ ಆಗಾ?”

“ಅಲ್ಲ.”

ಅವನ ಕೈ ನಿಂತಿತು. ಆ ನಿದ್ದೆಗೆಟ್ಟ ಕಣ್ಣು ಅವಳ ಮುಖದಿಂದ ಕದಲಲಿಲ್ಲ. “ನಂಗೂ ನೀವು ಬಂದ ದಿನದಿಂದ ಅದೇ ಅನ್ನಿಸ್ತಿದೆ,” ಎಂದ ಮೆಲ್ಲಗೆ. “ಹೇಳೋ ಧೈರ್ಯ ಇರ್ಲಿಲ್ಲ.”

ಇಬ್ಬರೂ ಶಾಂಪೂ ನೀರು ಎರಚಿ ಗಾಡಿ ತೊಳೆದರು. ಅಕ್ಷರವಿದ್ದ ಜಾಗ ಸುತ್ತಲಿಗಿಂತ ತುಸು ಬೆಳ್ಳಗಿತ್ತು. ಆ ಭಾಗಕ್ಕೆ ಇಷ್ಟು ವರ್ಷ ಬಿಸಿಲು ತಾಗಿರಲಿಲ್ಲ. ಅದು ಸಮವಾಗಲು ಕಾಲ ಬೇಕೆಂದು ಅವನು ಹೇಳಿದ. ಇರಲಿ ಬಿಡಿ ಎಂದಳು ಅವಳು.

ಮಧುಗಿರಿಗೆ ಹೊರಟಾಗ ಸ್ಟೇರಿಂಗ್ ಹಿಡಿದವನು ನಾಗಭೂಷಣ್. ಲೋಹಿತಾ ಪಕ್ಕದ ಸೀಟಿನಲ್ಲಿ ತಲೆಯಾನಿಸಿದಳು.

“ಯಾಕ್ರೀ ಇಷ್ಟು ಮೆಲ್ಲಗೆ?” ಅರೆನಿದ್ದೆಯಲ್ಲಿ ಕೇಳಿದಳು.

“ಮಲಗಿರೋರು ಇದ್ರೆ ಹಂಪ್‌ನಲ್ಲಿ ಎತ್ತಿಹಾಕಬಾರದು. ಅಭ್ಯಾಸ.”

“ಹೂಂ... ಮನೆ ಇನ್ನೆಷ್ಟು ದೂರ?”

ಅವನು ರಸ್ತೆ ನೋಡಿದ, ಅವಳನ್ನು ನೋಡಿದ.

“ಇನ್ನೂ ತುಂಬ ದೂರ ಇದೆ ಲೋಹಿತಾ. ನಿದ್ದೆ ಮಾಡು.”